ಒಂದು ಸೂತಿನ ಫರಕು

ಧಾರವಾಡ ಬಿಟ್ಟ ರೈಲು ಕ್ಯಾರಕೊಪ್ಪ, ಮುಗದ ದಾಟಿ ಕಂಬಾರಗಣವಿ ಸೇರುವಷ್ಟರಲ್ಲಿ ಕಿಟಕಿಯ ಹೊರಗಿನ ನೋಟವೇ ಬೇರೆಯಾಗಿರುತ್ತದೆ. ಎರೆಹೊಲದ ಬಯಲು ಹಿಂದೆ ಉಳಿಯುತ್ತದೆ. ಕೆಂಪು ಮಣ್ಣು, ಭತ್ತದ ಗದ್ದೆ, ಮಾವಿನ ತೋಪು, ಅದರಾಚೆ ಸಾಗವಾನಿಯ ಸಾಲು. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಈ ದಾರಿಯಲ್ಲಿ ಕಂಬಾರಗಣವಿಯ ಹೆಸರು ಕೇಳಿದಾಗಲೆಲ್ಲ ನನಗೊಂದು ಸಣ್ಣ ಸಂತೋಷ. ನಮ್ಮ ಕಡೆ ಕಮ್ಮಾರನಿಗೆ ಕಂಬಾರ ಎನ್ನುತ್ತಾರೆ. ಕಬ್ಬಿಣ ಬಡಿಯುವವನನ್ನು ಹೆಸರಿನಲ್ಲೇ ಇಟ್ಟುಕೊಂಡ ಊರು ಅದು. ಆ ದಿನ ನನ್ನ ಕೈಚೀಲದಲ್ಲೂ ಎರಡೂವರೆ ಕಿಲೋ ಕಬ್ಬಿಣವಿತ್ತು. ಹಳೇ ಪತ್ರಿಕೆಯಲ್ಲಿ ಸುತ್ತಿದ, ಗ್ರೀಸಿನ ವಾಸನೆ ಬಿಡದ ಒಂದು ಗೇರು. ಹಿಂದಿನ ದಿನ ಬೆಂಗಳೂರಿನ ಶಿವಾಜಿನಗರದಲ್ಲಿ ಕೊಂಡದ್ದು. ಇಳಿಯಬೇಕಾದ ಊರು ಮುಂದಿನದು: ಅಳ್ನಾವರ.

ಕೂಡು ರಸ್ತೆಯ ಊರು

ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಗೋವೆಗೆ ಇಳಿಯುವ ರೈಲು ಹಾದಿಯಲ್ಲಿ ಅಳ್ನಾವರ ಒಂದು ಜಂಕ್ಷನ್. ಇಲ್ಲಿಂದ ಒಂದು ಕವಲು ದಾಂಡೇಲಿಯ ಕಡೆಗೆ ಹೋಗುತ್ತದೆ. ಬ್ರಿಟಿಷರ ಕಾಲದಲ್ಲಿ ಕಾಳಿ ಕಣಿವೆಯ ಮರಮುಟ್ಟನ್ನು ಹೊರಗೆ ಸಾಗಿಸಲು ಹಾಸಿದ ಕವಲು ಅದು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ಈ ಭಾಗದ ರಸ್ತೆಗಳಿಗೆ ಇನ್ನಷ್ಟು ಲಾರಿಗಳನ್ನು ತಂದಿತು. ಮೊದಲು ಧಾರವಾಡ ತಾಲ್ಲೂಕಿನಲ್ಲಿದ್ದ ಅಳ್ನಾವರ ಈಗ ತಾನೇ ಒಂದು ತಾಲ್ಲೂಕು. ಆದರೂ ಊರಿನ ಚಹರೆಯಲ್ಲಿ ಹಳೆಯ ಮರದ ಪೇಟೆಯ ಗುರುತು ಪೂರ್ತಿ ಅಳಿಸಿಲ್ಲ.

ಮರ ಎಂದ ಮೇಲೆ ಕಾಡಿನ ರಸ್ತೆ. ಕಾಡಿನ ರಸ್ತೆ ಎಂದ ಮೇಲೆ ಜೀಪು. ಮಳೆಗಾಲದ ಕೆಸರಿನಲ್ಲಿ ನಾಲ್ಕೂ ಗಾಲಿಗಳಿಂದ ನೆಲ ಕಚ್ಚಿ ಏರುವ ಗಾಡಿ ಅಂದಿಗೆ ಬೇರೆ ಯಾವುದಿತ್ತು? ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಸುಮಾರು 6 ಲಕ್ಷ 40 ಸಾವಿರ ಜೀಪುಗಳನ್ನು ತಯಾರಿಸಿದವು. ಎರಡು ಬೇರೆ ಕಂಪನಿಗಳಾದರೂ ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂಡಬೇಕೆಂಬುದು ಸೈನ್ಯದ ಕರಾರು. ರಣರಂಗದಲ್ಲಿ ಕೆಟ್ಟು ನಿಂತ ಒಂದು ಜೀಪಿನ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿ ಮುಂದೆ ಸಾಗುವುದಿತ್ತಲ್ಲ! ಫೋರ್ಡಿನವರು ಮಾತ್ರ ತಾವು ಮಾಡಿದ ಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ‘ಎಫ್’ ಅಕ್ಷರ ಒತ್ತಿದರು. ಇಂದಿಗೂ ಹಳೇ ಜೀಪಿನ ಹುಚ್ಚರು ಆ ಅಕ್ಷರವಿರುವ ಬೋಲ್ಟಿಗಾಗಿ ಗುಜರಿ ರಾಶಿ ಕೆದಕುತ್ತಾರೆ.

ಯುದ್ಧ ಮುಗಿದ ಮೇಲೆ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಆಮೇಲೆ ಇಲ್ಲಿಯೇ ತಯಾರಿಸಿತು. ನಮ್ಮ ಸೋದರಮಾವನ ಜೀಪು ಆ ವಂಶದ್ದು. ಬಾನೆಟ್ಟು ಎತ್ತರ, ಪೆಟ್ರೋಲ್ ಎಂಜಿನ್, 1968ರ ನೋಂದಣಿ. ಅಳ್ನಾವರದ ಹತ್ತಿರದ ಹಳ್ಳಿಯಲ್ಲಿರುವ ಮಾವ ಅದನ್ನು ಕೊಂಡದ್ದು ಎರಡನೆಯ ಕೈಯಿಂದ, ಒಬ್ಬ ಮರದ ಗುತ್ತಿಗೆದಾರನ ಹತ್ತಿರ. ಆ ಜೀಪಿನಲ್ಲಿ ಭತ್ತದ ಚೀಲ ಬಂದಿವೆ, ಮದುಮಗಳು ಬಂದಿದ್ದಾಳೆ, ಹೆರಿಗೆ ನೋವು ತಿನ್ನುತ್ತಿದ್ದ ಹೆಣ್ಣುಮಕ್ಕಳು ನಡುರಾತ್ರಿ ಧಾರವಾಡದ ಆಸ್ಪತ್ರೆಗೆ ಹೋಗಿದ್ದಾರೆ. ಊರಿನವರ ಪಾಲಿಗೆ ಅದು ಅರ್ಧ ಸರಕಾರಿ ವಾಹನ.

ಅದು ಎರಡು ವರ್ಷದಿಂದ ದನದ ಕೊಟ್ಟಿಗೆಯ ಪಕ್ಕ ನಿಂತಿತ್ತು. ಮುಂದಿನ ಹಿಂದಿನ ಗಾಲಿಗಳಿಗೆ ಎಂಜಿನ್ನಿನ ಬಲ ಹಂಚುವ ಪೆಟ್ಟಿಗೆಯೊಂದಿರುತ್ತದೆ, ಟ್ರಾನ್ಸ್‌ಫರ್ ಕೇಸ್ ಎಂದು ಅದರ ಹೆಸರು. ಅದರ ನಡುವಿನ ಗೇರಿನ ಮೂರು ಹಲ್ಲು ಮುರಿದಿದ್ದವು. ಈ ಪೆಟ್ಟಿಗೆಯಲ್ಲಿ ಎಲ್ಲ ಬಲವೂ ಆ ನಡುಗೇರಿನ ಮೂಲಕವೇ ಹಾಯಬೇಕು. ಅದು ಹೋಯಿತೆಂದರೆ ಎಂಜಿನ್ ಎಷ್ಟು ಗರ್ಜಿಸಿದರೂ ಗಾಡಿ ಒಂದು ಗೇಣು ಸರಿಯದು.

ಪುಣೆಯಲ್ಲಿರುವ ಮಾವನ ಮಗ ಫೋನಿನಲ್ಲಿ ಹೇಳಿದ್ದ: ಮಾರಿಬಿಡು. ಗುಜರಿಯವನು (ಈ ಕಡೆ ಮೋಡ್ಕಾದವನು ಎನ್ನುವುದು ರೂಢಿ) ಬಂದು ನೋಡಿ 30,000 ರೂಪಾಯಿ ಹೇಳಿ ಹೋಗಿದ್ದ. ಜೀಪಿನ ತೂಕ ಸುಮಾರು ಒಂದು ಟನ್ನು. ಕಿಲೋಗೆ 30 ರೂಪಾಯಿ. ಲೆಕ್ಕ ಅಷ್ಟೇ ಸರಳ. ಹದಿನೈದು ದಿನ ತಡೆಯಿರಿ, ಗೇರು ನಾನು ತರುತ್ತೇನೆ ಎಂದು ಮಾವನಿಗೆ ಮಾತು ಕೊಟ್ಟವನು ನಾನು.

ಶಿವಾಜಿನಗರದ ರಾಶಿ

ಬೆಂಗಳೂರಿನಲ್ಲಿ ಹೊಸ ಬಿಡಿಭಾಗ ಬೇಕೆಂದರೆ ಜೆ.ಸಿ. ರಸ್ತೆಯ ಕಡೆ ಕೈ ತೋರಿಸುತ್ತಾರೆ. ಹಳೆಯದು ಬೇಕೆಂದರೆ ಶಿವಾಜಿನಗರ. ರಸೆಲ್ ಮಾರ್ಕೆಟ್ಟಿನ ಆಸುಪಾಸಿನ ಗಲ್ಲಿಗಳಲ್ಲಿ ನಡೆದವರಿಗೆ ಗೊತ್ತು: ಒಂದು ಅಂಗಡಿಯಲ್ಲಿ ಬರೀ ಬಾಗಿಲು, ಇನ್ನೊಂದರಲ್ಲಿ ಬರೀ ದೀಪ, ಮತ್ತೊಂದರಲ್ಲಿ ನೆಲದಿಂದ ಮಾಡಿನವರೆಗೆ ಗೇರುಪೆಟ್ಟಿಗೆ. ಚೆನ್ನೈಗೆ ಪುದುಪೇಟೆ, ಕೋಲ್ಕತ್ತಕ್ಕೆ ಮಲ್ಲಿಕ್ ಬಜಾರ್, ದೆಹಲಿಗೆ ಮಾಯಾಪುರಿ ಇರುವಂತೆ ಬೆಂಗಳೂರಿಗೆ ಇದು. ಹೊರಗಿನವರ ಕಣ್ಣಿಗೆ ರಾಶಿ. ಒಳಗೆ ಕುಳಿತವನಿಗೆ ಅದು ಪುಸ್ತಕ ಭಂಡಾರ. ಯಾವ ಮೂಲೆಯಲ್ಲಿ ಯಾವ ಗಾಡಿಯ ಯಾವ ಭಾಗವಿದೆ ಎಂಬ ಪಟ್ಟಿ ಅವನ ತಲೆಯಲ್ಲಿರುತ್ತದೆ.

ಅಂಗಡಿಯವರು ನನ್ನನ್ನು ನೇರವಾಗಿ ಕೇಳಿದರು: ‘ಯಾವ ಸೈಜು ಸಾರ್?’

ನಾನು ಹೇಳಿದೆ: ‘ಮಾಮೂಲಿದು. ಹಳೇ ಜೀಪಿಂದು.’

ಈ ಉತ್ತರ ನೆನಪಾದಾಗ ಈಗಲೂ ನಾಚಿಕೆಯಾಗುತ್ತದೆ. ಅವರು ಕೊಟ್ಟದ್ದು ಹಳೇ ಜೀಪಿನದೇ. ತಪ್ಪು ಅವರದಲ್ಲ.

ಅಳ್ನಾವರದ ಗ್ಯಾರೇಜಿನ ಮಿಸ್ತ್ರಿ ಗೇರನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಮಾವನ ಜೀಪಿನಿಂದ ಬಿಚ್ಚಿಟ್ಟ ಶಾಫ್ಟನ್ನು ಅದರ ಪಕ್ಕ ಹಿಡಿದರು. ಒಂದು ನಿಮಿಷ ಸುಮ್ಮನಿದ್ದರು.

‘ಸರ, ಗೇರ್ ಏನೋ ಜೀಪಿಂದ ಐತ್ರಿ. ನಿಮ್ಮ ಜೀಪಿಂದಲ್ಲ.’

‘ಯಾಕ್ರಿ?’

‘ಒಂದು ಸೂತ್ ಫರಕ್ ಐತಿ. ಹೋಗೂ ಮುಂದ ಶಾಫ್ಟಿನ ಅಳತಿ ತಗೊಂಡಿದ್ರೇನ್ರಿ?’

ತೆಗೆದುಕೊಂಡಿರಲಿಲ್ಲ. ‘ಅಂದಾಜಿನ ಮ್ಯಾಲೆ ಚಹಾಕ್ಕ ಸಕ್ರಿ ಹಾಕಬಹುದ್ರಿ,’ ಎಂದರು ಮಿಸ್ತ್ರಿ. ‘ಗೇರ್ ತರಾಕ ಬರೂದಿಲ್ಲ.’

ಸೂತು ಎಂದರೆ ಬಡಗಿಗಳ, ಗೌಂಡಿಗಳ ಲೆಕ್ಕದಲ್ಲಿ ಇಂಚಿನ ಎಂಟನೆಯ ಒಂದು ಪಾಲು. ಮೂರು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಈ ಪೆಟ್ಟಿಗೆಯ ಕಥೆ ಹೀಗಿದೆ: ಯುದ್ಧಕಾಲದ ಜೀಪಿನಲ್ಲಿ ನಡುಗೇರಿನ ಶಾಫ್ಟು ಮುಕ್ಕಾಲು ಇಂಚು ದಪ್ಪವಿತ್ತು. ಯುದ್ಧದ ನಂತರ ಅಮೆರಿಕದಲ್ಲಿ ಅದನ್ನು ಒಂದು ಇಂಚು ಒಂದು ಸೂತಿಗೆ ಏರಿಸಿದರು. 1953ರ ಸುಮಾರಿಗೆ ಒಂದೂಕಾಲು ಇಂಚು ಮಾಡಿದರು. ಹೊರಗಿನಿಂದ ಪೆಟ್ಟಿಗೆ ಹೆಚ್ಚುಕಡಿಮೆ ಒಂದೇ ಥರ, ಹೆಸರೂ ಒಂದೇ. ಒಳಗಿನ ಗೇರು ಒಂದರದು ಇನ್ನೊಂದಕ್ಕೆ ಕೂಡದು.

ಮಾವ ಕಟ್ಟೆಯ ಮೇಲೆ ಕುಳಿತಿದ್ದರು. ‘ಇರ್ಲಿ ಬಿಡೊ,’ ಎಂದರು. ‘ನೀ ಭಾಳ ಓಡ್ಯಾಡಿದಿ. ಮೋಡ್ಕಾದಂವ ಸ್ವಾಮಾರ ಬರ್ತೀನಿ ಅಂದಾನ. ತಗೊಂಡ್ ಹೋಗ್ಲಿ.’ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೇ ನನಗೆ ಒಳ್ಳೆಯದಿತ್ತು.

ವರ್ನಿಯರ್ ಹಿಡಿದ ಹುಡುಗಿ

ಆ ಹೊತ್ತಿಗೆ ಮನೆಯಲ್ಲಿ ನನ್ನ ತಂಗಿಯ ಮಗಳಿದ್ದಳು. ಧಾರವಾಡದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಎರಡನೆಯ ವರ್ಷ. ರಜೆಗೆ ಅಜ್ಜನ ಊರಿಗೆ ಬಂದಿದ್ದಳು. ‘ಮಾಮಾ, ಆ ಶಾಫ್ಟ್ ಇಲ್ಲೆ ಕೊಡ್ರಿ’ ಎಂದವಳೇ ತನ್ನ ಚೀಲದಿಂದ ವರ್ನಿಯರ್ ಕ್ಯಾಲಿಪರ್ ತೆಗೆದಳು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕಬ್ಬಿಣದ ಗುಂಡು ಅಳೆಯಲು ಬಿಟ್ಟರೆ ಈ ಸಾಧನ ಮತ್ತಾವುದಕ್ಕೂ ಬಾರದೆಂದು ನಾವೆಲ್ಲ ಓದುವಾಗ ಅಂದುಕೊಂಡಿದ್ದೆವು! ಮೂರು ಕಡೆ ಅಳೆದಳು. 31.7 ಮಿಲಿಮೀಟರ್. ಒಂದೂಕಾಲು ಇಂಚು ಎಂದರೆ 31.75. ಸವೆದದ್ದು ಬಿಟ್ಟರೆ ಸರಿಯಾಗಿ ಒಂದೂಕಾಲು. ಮುರಿದ ಗೇರಿನ ಹಲ್ಲುಗಳನ್ನು ಸೀಮೆಸುಣ್ಣದಿಂದ ಗುರುತು ಹಾಕುತ್ತ ಎಣಿಸಿದಳು. ಎಲ್ಲವನ್ನೂ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಚಿತ್ರ ಬರೆದು ಗುರುತಿಸಿದಳು. ಕಾಲು ಗಂಟೆಯ ಕೆಲಸ. ಅದನ್ನು ಮಾಡದೆ ನಾನು ಬೆಂಗಳೂರಿಗೆ ಹೋಗಿ ಬಂದಿದ್ದೆ.

ಮರುದಿನ ಬೆಳಿಗ್ಗೆ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ರೈಲ್ವೆ ವರ್ಕ್‌ಶಾಪಿನಿಂದಾಗಿ ನೂರು ವರ್ಷಕ್ಕೂ ಮೀರಿ ಕಬ್ಬಿಣದ ಕೆಲಸ ಬಲ್ಲ ಊರು ಅದು. ಲೇತು, ಬೋರಿಂಗು, ವೆಲ್ಡಿಂಗು ಬಲ್ಲ ಕೈಗಳಿಗೆ ಅಲ್ಲಿ ಬರವಿಲ್ಲ. ಮೂರನೆಯ ಗುಜರಿ ಅಂಗಡಿಯ ಮಾಲೀಕರು ಹಾಳೆಯನ್ನು ಕನ್ನಡಕ ಏರಿಸಿ ನೋಡಿದರು. ‘ಯಾರು ಬರದಾರ ಇದನ್ನ?’ ಎಂದರು. ಹುಡುಗಿ ತಾನೆಂದಳು. ‘ಹಿಂಗ ಬಂದ್ರ ನಮಗೂ ಕೆಲಸ ಹಗುರ ನೋಡವ್ವಾ’ ಎಂದು ಒಳಗೆ ಹೋಗಿ ಮೂರು ಗೇರು ತಂದಿಟ್ಟರು.

ಹಳೇ ಭಾಗ ಕೊಳ್ಳುವ ವಿದ್ಯೆಯ ಮೊದಲ ಪಾಠ ನಮಗೆ ಅಲ್ಲಿ ಆಯಿತು. ಒಂದು ಗೇರಿನ ಹಲ್ಲುಗಳ ತುದಿ ಚೂಪಾಗಿತ್ತು. ಹಾಗಿದ್ದರೆ ಅದು ಸವೆದದ್ದು. ಇನ್ನೊಂದರ ಮುಖದ ಮೇಲೆ ಸಣ್ಣ ಸಿಡುಬಿನ ಗುಳಿಗಳಿದ್ದವು. ಭಾರ ಹೊತ್ತು ಉಕ್ಕು ಚಕ್ಕೆ ಎದ್ದ ಗುರುತು ಅದು. ಕೆಲವು ಭಾಗಗಳಲ್ಲಿ ನೀಲಿ ಛಾಯೆ ಕಂಡರೆ ಎಣ್ಣೆಯಿಲ್ಲದೆ ಓಡಿ ಕಾದದ್ದೆಂದು ತಿಳಿಯಬೇಕು. ಮೂರನೆಯದನ್ನು ಮಾಲೀಕರು ದಾರಕ್ಕೆ ತೂಗುಹಾಕಿ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದರು. ಗಂಟೆಯ ಹಾಗೆ ನಿಂತು ನುಡಿಯಿತು. ಬಿರುಕು ಬಿಟ್ಟದ್ದಾದರೆ ಒಡೆದ ಮಡಕೆಯ ದನಿ ಬರುತ್ತದಂತೆ. ನಾದ ನೋಡಿ ಮಡಕೆ ಕೊಳ್ಳುವ ನಮ್ಮ ಅಜ್ಜಿಯರಿಗೂ ಈ ಪರೀಕ್ಷೆ ಗೊತ್ತಿತ್ತು.

ಬೆಲೆ 1,200 ರೂಪಾಯಿ. ತೂಕದ ಲೆಕ್ಕದಲ್ಲಿ ಅದು 75 ರೂಪಾಯಿಯ ಕಬ್ಬಿಣ. ಮಿಕ್ಕದ್ದೆಲ್ಲ ಯಾವುದರ ಬೆಲೆ? ಅದು ಏನೆಂದು ಗುರುತಿಸಿ, ಬಿಚ್ಚಿ, ತೊಳೆದು, ವರ್ಷಗಟ್ಟಲೆ ಕಾದಿಟ್ಟು, ಕೇಳಿದಾಗ ಕೈ ಹಾಕಿ ತೆಗೆದ ತಿಳಿವಳಿಕೆಯ ಬೆಲೆ. ಮಾವನ ಜೀಪನ್ನು ಕಿಲೋಗೆ 30ರಂತೆ ಕೇಳಿದವನ ಲೆಕ್ಕದಲ್ಲಿ ಆ ತಿಳಿವಳಿಕೆಗೆ ಬೆಲೆಯೇ ಇರಲಿಲ್ಲ.

ಮೂರು ದೇಶದ ಬೋಲ್ಟು

ನಮ್ಮ ರಸ್ತೆಗಳಲ್ಲಿ ಬಹುಕಾಲ ಮೂರು ವಂಶದ ಗಾಡಿಗಳೇ ಹೆಚ್ಚು ಓಡಿದವು. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಮಗು. 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ 1100ರ ಪೀಳಿಗೆ. ಮುಂಬೈಯ ಕುರ್ಲಾದಲ್ಲಿ ಹುಟ್ಟಿ ಆ ನಗರದ ಟ್ಯಾಕ್ಸಿಯೇ ಆಗಿ, 2023ರ ಅಕ್ಟೋಬರ್ ಕೊನೆಗೆ ಟ್ಯಾಕ್ಸಿಗಳ ಸಾಲಿನಿಂದ ಮರೆಯಾಯಿತು. ಜೀಪು ಅಮೆರಿಕದ್ದು. ಹಾಗಾಗಿ ಹಳೇ ಮಿಸ್ತ್ರಿಯ ಪೆಟ್ಟಿಗೆಯಲ್ಲಿ ಎರಡು ಜೊತೆ ಸ್ಪ್ಯಾನರ್ ಇರಲೇಬೇಕು: ಅಂಬಾಸಿಡರ್, ಜೀಪುಗಳಿಗೆ ಇಂಚಿನದು, ಫಿಯಟ್ಟಿಗೆ ಮಿಲಿಮೀಟರಿನದು.

ಬೋಲ್ಟಿನ ಮರೆಯಲ್ಲೂ ಚರಿತ್ರೆಯಿದೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಎಲ್ಲ ಕಾರ್ಖಾನೆಗಳಿಗೂ ಒಂದೇ ಅಳತೆಯ ಮರೆ ಇರಲೆಂದು ಸೂಚಿಸಿದ. ಅವನ ಮರೆಯ ಕೋನ 55 ಡಿಗ್ರಿ. ಅಮೆರಿಕದವರದು 60. ಎರಡನೆಯ ಮಹಾಯುದ್ಧದಲ್ಲಿ ಒಂದೇ ಪಕ್ಷದ ಎರಡು ಸೈನ್ಯಗಳ ನಟ್ಟು ಬೋಲ್ಟು ಹೊಂದದೆ ಪಟ್ಟ ಪಾಡು ಸಾಕೋ ಸಾಕಾಗಿ, 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಒಂದೇ ಮಾದರಿಗೆ ಒಪ್ಪಿಕೊಂಡವು. ವಿದ್ಯಾರ್ಥಿಗಳೇ, ಪಠ್ಯಪುಸ್ತಕದಲ್ಲಿ ನೀವು ಬಾಯಿಪಾಠ ಮಾಡುವ ಆ ಕೋನಗಳು ಗುಜರಿ ಅಂಗಡಿಯಲ್ಲಿ ಕೈಗೆ ಸಿಗುತ್ತವೆ. 55ರ ನಟ್ಟನ್ನು 60ರ ಬೋಲ್ಟಿಗೆ ಬಲವಂತವಾಗಿ ತಿರುಗಿಸಿದರೆ ಎರಡೂ ಕೆಡುತ್ತವೆ.

ಇನ್ನು ಯಾವುದನ್ನು ಹಳೆಯದು ಕೊಳ್ಳಬಹುದು, ಯಾವುದನ್ನು ಕೊಳ್ಳಬಾರದು? ಬಾಗಿಲು, ಬಾನೆಟ್ಟು, ಹಿಡಿಕೆ, ಮೀಟರು, ಡೈನಮೊ, ಗೇರುಪೆಟ್ಟಿಗೆಯ ಹೊರ ಕವಚ ಇವನ್ನು ನೋಡಿ ಕೊಳ್ಳಬಹುದು. ಬ್ರೇಕಿನ ರಬ್ಬರು, ಬ್ರೇಕಿನ ಕೊಳವೆ, ಸ್ಟಿಯರಿಂಗಿನ ಕೀಲು, ಟೈರು ಇವನ್ನು ಎಷ್ಟು ಅಗ್ಗವಾದರೂ ಹಳೆಯದು ಬೇಡ. ನಿಂತರೆ ಸಾಕೆನ್ನುವ ಭಾಗದಲ್ಲಿ ಉಳಿತಾಯ ಮಾಡಬಹುದು. ಜೀವ ನಿಂತಿರುವ ಭಾಗದಲ್ಲಿ ಕೂಡದು.

ಕಾಗದ ಕೇಳುವುದು ಅವಮಾನವಲ್ಲ

ಹುಬ್ಬಳ್ಳಿಯ ಆ ಅಂಗಡಿಯ ಗೋಡೆಗೆ ಒಂದು ದಪ್ಪ ಪುಸ್ತಕ ನೇತಾಡುತ್ತಿತ್ತು. ಬಿಚ್ಚಲು ಬಂದ ಪ್ರತಿ ಗಾಡಿಯ ನಂಬರು, ತಂದವರ ಹೆಸರು, ದಿನಾಂಕ. ‘ಕಾಗದ ಇಲ್ಲದ ಗಾಡಿ ನಾ ಮುಟ್ಟೂದಿಲ್ರಿ’ ಎಂದರು ಮಾಲೀಕರು. ಎಲ್ಲರೂ ಹಾಗಿರುವುದಿಲ್ಲ ಎಂಬುದು ನಮಗೂ ನಿಮಗೂ ಗೊತ್ತು. ಕದ್ದ ಗಾಡಿ ಒಂದೇ ರಾತ್ರಿಯಲ್ಲಿ ನೂರು ಬಿಡಿಭಾಗವಾಗುತ್ತದೆ. ಕದ್ದ ಮಾಲೆಂದು ತಿಳಿದೂ ಅಥವಾ ತಿಳಿಯಲು ಕಾರಣವಿದ್ದೂ ಕೊಂಡರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಕೊಂಡವನೂ ಅಪರಾಧಿ. ಎಂಜಿನ್ ಬ್ಲಾಕು, ಚಾಸಿ ಕೊಳ್ಳುವವರಂತೂ ನಂಬರು ನೋಡಿ, ಮಾರಿದವರ ದಾಖಲೆ ಪಡೆದು, ಸಾರಿಗೆ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ಆ ನಂಬರು ನೋಂದಣಿ ಪತ್ರದಲ್ಲಿರುತ್ತದೆ.

ಮಾರುವವರಿಗೂ ಒಂದು ಕರ್ತವ್ಯವಿದೆ. ಗಾಡಿ ನಾಶವಾದರೆ ಅಥವಾ ಶಾಶ್ವತವಾಗಿ ಕೆಲಸಕ್ಕೆ ಬಾರದಂತಾದರೆ 14 ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ನೋಂದಣಿ ಪತ್ರ ಒಪ್ಪಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಕಾಗದ ಮನೆಯಲ್ಲೇ ಉಳಿದು ಗಾಡಿ ಗುಜರಿಗೆ ಹೋದರೆ ನಾಳೆ ಆ ನಂಬರು ಯಾವ ಗಾಡಿಯ ಮೇಲೆ ಕಾಣಿಸಿಕೊಳ್ಳುವುದೋ! 2021ರಲ್ಲಿ ಕೇಂದ್ರ ಸರಕಾರ ಅಧಿಕೃತ ಗುಜರಿ ಕೇಂದ್ರಗಳ ನಿಯಮ ತಂದಿತು. ಅಲ್ಲಿ ಗಾಡಿ ಒಪ್ಪಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ.

ಅದೇ 2021ರ ಜುಲೈನಲ್ಲಿ 50 ವರ್ಷ ಮೀರಿದ, ಮೂಲರೂಪ ಕೆಡದ ಗಾಡಿಗಳಿಗಾಗಿ ಬೇರೆ ನಿಯಮವೂ ಬಂತು. ‘ವಿಎ’ ಅಕ್ಷರವಿರುವ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮಾವನಿಗೆ ಇದು ಹಿಡಿಸಲಿಲ್ಲ. ‘ಪೂಜಾ ಮಾಡಾಕ ಜೀಪ್ ಯಾಕ ಬೇಕೊ?’ ಎಂದರು. ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸುವ ಮಾಮೂಲು ದಾರಿಯೇ ಅವರಿಗೆ ಇಷ್ಟ. ಹಳೇ ಗಾಡಿಗಳನ್ನು ಪೂಜೆಯಷ್ಟೇ ಶ್ರದ್ಧೆಯಿಂದ ಇಟ್ಟದ್ದು ನೋಡಬೇಕೆಂದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ.

ಕಬ್ಬಿಣಕ್ಕೆ ಹೆಸರು ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಹಿ ಉದಾಹರಣೆಯೂ ಇದೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಬಹುಕಾಲ ಬಳಸದೆ ಬಿದ್ದಿದ್ದ ಯಂತ್ರವೊಂದನ್ನು 2010ರಲ್ಲಿ ಹರಾಜು ಹಾಕಿದರು. ಅದು ಮಾಯಾಪುರಿಯ ಗುಜರಿ ಪೇಟೆ ಸೇರಿತು. ಒಳಗೆ ವಿಕಿರಣ ಸೂಸುವ ಕೋಬಾಲ್ಟ್–60 ಇತ್ತು. ಬಿಚ್ಚಿದವರಿಗೆ ಅದು ಗೊತ್ತಿರಲಿಲ್ಲ. ಹಲವರು ಕಾಯಿಲೆ ಬಿದ್ದರು, ಒಬ್ಬ ಕೆಲಸಗಾರ ಸತ್ತ. ವಿದ್ಯಾವಂತರ ಕಟ್ಟಡದಿಂದ ಹೊರಟ ವಸ್ತುವಿನ ಜೊತೆ ಅದರ ಹೆಸರು ಹೋಗಲಿಲ್ಲ. ಗುಜರಿಯವನನ್ನು ಕೀಳಾಗಿ ಕಾಣುವ ನಾವು ಈ ಘಟನೆಯನ್ನು ಮರೆಯಬಾರದು.

ಕೊನೆಯ ಡಬ್ಬಿ

ಗೇರು ಕೂಡಿತು. ಹೊಸ ಬೇರಿಂಗು, ಹೊಸ ಎಣ್ಣೆ ಹಾಕಿ ಮಿಸ್ತ್ರಿ ಎರಡು ದಿನ ಕೆಲಸ ಮಾಡಿದರು. ಪಕ್ಕದಲ್ಲಿ ಹುಡುಗಿ ಕೈಯೆಲ್ಲ ಗ್ರೀಸು ಮಾಡಿಕೊಂಡು ಕುಳಿತಿದ್ದಳು. ಅವಳಮ್ಮ ಮೊದಲು ಬೈದಳು, ಆಮೇಲೆ ಚಹಾ ತಂದಳು. ಮೂರನೆಯ ದಿನ ಸಂಜೆ ಮಾವ ಜೀಪನ್ನು ಕೊಟ್ಟಿಗೆಯ ಪಕ್ಕದಿಂದ ಗ್ಯಾರೇಜಿನ ಅಂಗಳದಲ್ಲಿ ಒಂದು ಸುತ್ತು ಹಾಕಲು ತಾವೇ ಹತ್ತಿ ಕುಳಿತರು ಎಂದು ಬರೆಯುವ ಆಸೆ. ನಡೆದದ್ದು ಬೇರೆ. ಜೀಪು ಗ್ಯಾರೇಜಿನಲ್ಲೇ ಇತ್ತು. ಮಾವ ಕೀಲಿ ಕೈಯನ್ನು ಮೊಮ್ಮಗಳ ಕೈಗಿತ್ತರು. ‘ನೀ ಅಳದೀದಿ, ನೀನs ಚಾಲೂ ಮಾಡು’ ಎಂದರು. ಅವಳು ಚಾಲೂ ಮಾಡಿದಳು. ಓಡಿಸಿದ್ದು ಮಾವನೇ. ಸ್ವಾಮಾರ ಬಂದ ಮೋಡ್ಕಾದವನು ಚಹಾ ಕುಡಿದು ಹೋದನಂತೆ.

ನಾನು ಬೆಂಗಳೂರಿನಿಂದ ತಂದ ಗೇರನ್ನು ಹಿಂದಿರುಗಿಸಬೇಕೆಂದಿದ್ದೆ. ಮಿಸ್ತ್ರಿ ಬೇಡವೆಂದರು. ಹುಡುಗಿಯಿಂದ ಒಂದು ರಟ್ಟಿನ ಚೂರಿನ ಮೇಲೆ ಬರೆಸಿದರು: ‘ಜೀಪ್, ನಡುಗೇರು, ಒಂದು ಇಂಚು ಒಂದು ಸೂತ್.’ ಅದನ್ನು ತಂತಿಯಿಂದ ಗೇರಿಗೆ ಕಟ್ಟಿ, ಎಣ್ಣೆ ಸವರಿ, ಹಳೇ ಡಾಲ್ಡಾ ಡಬ್ಬಿಯಲ್ಲಿಟ್ಟು ಮೇಲಿನ ಫಳಿಯ ಮೇಲೆ ಇಟ್ಟರು.

‘ಇರ್ಲಿ ಬಿಡ್ರಿ ಸರ. ಇದನ್ನ ಹುಡಕ್ಕೊಂತ ಯಾವನೋ ಒಬ್ಬಾಂವ ಬರ್ತಾನ.’